ಸ್ಕಾರ್ಬರೊ ದಂಡೆಯಲ್ಲಿ ನಾಗಪ್ಪನಿಗೆ ಹಾಲು

ಹೊರಡುವ ಮೊದಲು

ವಿಲಾಯತಿಗೆ ಹೋಗಿಬಂದವನು ಹುಬ್ಬಳ್ಳಿಯ ಕೇಶ್ವಾಪುರದ ಗೆಳೆಯರ ನಡುವೆ ಕೂತು ಲಂಡನ್ನಿನ ಅರಮನೆ, ಗಡಿಯಾರದ ಗೋಪುರ, ನೆಲದೊಳಗೆ ಓಡುವ ರೈಲು ಎಲ್ಲವನ್ನೂ ವರ್ಣಿಸಬೇಕು. ಚಹಾದ ಖರ್ಚು ಕಥೆ ಕೇಳುವವರದು. ನಾನೂ ಒಂದಷ್ಟು ದಿನ ಹಾಗೇ ಮಾಡಿ ಪುಕಟ ಚಹಾ ಕುಡಿದೆ. ಆದರೆ ಒಂದು ಸಂಜೆ ನನ್ನ ಹೆಂಡತಿ ಗಿರಿಜಾ ಅಡಿಗೆಮನೆಯಿಂದಲೇ, "ಅರಮನಿ ಸಾಕ್ರಿ, ಆ ಸ್ಕಾರ್ಬರೊದ್ದು ಹೇಳ್ರಿ, ಬೂಟಿಂದು ಹೇಳ್ರಿ!" ಎಂದು ಕೂಗಿಬಿಟ್ಟಳು. ಅಂದಿನಿಂದ ಯಾರಿಗೂ ಅರಮನೆ ಬೇಕಾಗಿಲ್ಲ. ಹತ್ತು ಮಂದಿಗೆ ಹತ್ತು ಸಲ ಹೇಳಿ ಮರ್ಯಾದೆ ಕಳೆದುಕೊಳ್ಳುವುದಕ್ಕಿಂತ ಒಮ್ಮೆ ಬರೆದು ಕಳೆದುಕೊಳ್ಳುವುದೇ ಛಲೋ ಎಂದು ಕೂತಿದ್ದೇನೆ.

ನಾನು ಧಾರವಾಡದಲ್ಲಿ ಮಾಸ್ತರರಿಗೆ ಪಾಠ ಹೇಳುವ ಮಾಸ್ತರ. ಮಕ್ಕಳಿಗೆ ಹೇಗೆ ಕಲಿಸಬೇಕು ಎಂಬುದನ್ನು ಕಲಿಯುವುದಕ್ಕೆ ನನ್ನನ್ನು ಎರಡು ವರ್ಷ ಇಂಗ್ಲಂಡಿನ ಲೀಡ್ಸಿಗೆ ಕಳಿಸಿದ್ದರು. ಗಿರಿಜಾಳೂ ಮಗಳು ಶೈಲಾಳೂ ಜೊತೆಗಿದ್ದರು. ಕಲಿತದ್ದರ ಫಲ ಇಷ್ಟೇ: ನನ್ನ ಮಗಳು ಈ ಹೊತ್ತಿಗೂ ನನ್ನ ಕಡೆಯಿಂದ ಗಣಿತ ಹೇಳಿಸಿಕೊಳ್ಳುವುದಿಲ್ಲ.

ಮೊದಲನೆಯ ವರ್ಷ ಮುಗಿಯುತ್ತ ಬಂದಾಗ ಗಿರಿಜಾ ಒಂದು ದಿನ ಬಟ್ಟೆ ಒಣಹಾಕುತ್ತ, "ಇಲ್ಲಿರೋ ಆ ಬೆಳಗಾಂವಿಯವರು ಊರಿಗೆ ಹಡಗ ಹತ್ತತಾರಂತ. ಅವರ ಜೋಡಿ ನಾನೂ ಶೈಲಾನೂ ಊರಿಗೆ ಹೋಗತೇವ್ರಿ. ನೀವು ಕಲಿಯೂದು ಮುಗಿಸಿ ಬರ್ರಿ" ಎಂದಳು.

ನಾನು ಕೈಯಲ್ಲಿದ್ದ ಪುಸ್ತಕ ಮುಚ್ಚಿದೆ. "ಯಾಕ? ಏನ ಕಡಿಮಿ ಆಗೇತಿ ಇಲ್ಲಿ?"

"ಕಡಿಮಿ ಏನೂ ಇಲ್ಲ. ಈ ಊರಾಗ ನನ್ನ ಕರಿಯಾವ್ರು ಯಾರೂ ಇಲ್ಲ."

ನಮ್ಮ ಕಡೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಗಿರಿಜಾಳ ತವರು ಹೆಬ್ಬಳ್ಳಿ. ಪ್ರತಿ ಶ್ರಾವಣದಲ್ಲಿ ನಾಗರಪಂಚಮಿ ಬಂತೆಂದರೆ ಆಕೆಯ ಅಣ್ಣ ಚನ್ನಬಸಪ್ಪ ಗಾಡಿ ಹೂಡಿಕೊಂಡು ನಮ್ಮ ಬಾಗಿಲಿಗೆ ಬಂದು, "ತಂಗಿ, ಪಂಚಮಿಗೆ ಕರಿಯಾಕ ಬಂದೇನಿ" ಎನ್ನುತ್ತಿದ್ದ. ಮದುವೆಯಾದಂದಿನಿಂದ ಒಂದು ವರ್ಷವೂ ತಪ್ಪಿರಲಿಲ್ಲ. ಕರೆಯುವವರು ಒಬ್ಬರಿದ್ದಾರೆ ಎಂಬ ಧೈರ್ಯದ ಮೇಲೆ ನಮ್ಮ ಹೆಣ್ಣುಮಕ್ಕಳು ಉಳಿದ ವರ್ಷವನ್ನೆಲ್ಲ ಗಂಡನ ಮನೆಯಲ್ಲಿ ದೂಡುತ್ತಾರೆ.

"ಪಂಚಮಿ ಒಂದು ಆಗಲಿ, ಆಮ್ಯಾಲೆ ಖಚಿತ ಹೇಳತೇನಿ" ಎಂದು ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಆಕೆ ಹೋದರೆ ನನಗೆ ಅನ್ನ ಬೇಯಿಸಿಕೊಳ್ಳಲು ಬರುವುದಿಲ್ಲ ಎಂಬುದು ಸಣ್ಣ ಮಾತು. ಸಂಜೆ ಬಾಗಿಲು ತೆರೆದರೆ ಒಳಗೆ ಕನ್ನಡದ ಒಂದು ದನಿಯೂ ಇರುವುದಿಲ್ಲ ಎಂಬುದು ನನ್ನ ಜೀವ ತಿನ್ನುತ್ತಿತ್ತು. ಅದನ್ನು ಆಕೆಗೆ ಹೇಳಬಹುದಿತ್ತು. ಆದರೆ ನಾನು ಶಿಕ್ಷಣಶಾಸ್ತ್ರದವನು. ಬಾಯಿಂದ ಹೇಳುವುದಕ್ಕಿಂತ ಕಣ್ಣಿಗೆ ತೋರಿಸಿ ಕಲಿಸಬೇಕೆಂದು ಆ ವರ್ಷವೆಲ್ಲ ಓದಿದ್ದೆ. ಈ ದೇಶದ ವೈಭವವನ್ನು ಒಮ್ಮೆ ಕಣ್ಣಾರೆ ಕಂಡರೆ ಆಕೆ ತಾನಾಗಿಯೇ ಉಳಿಯುತ್ತಾಳೆ ಎಂದು ಲೆಕ್ಕ ಹಾಕಿದೆ. ಅಗಸ್ಟಿನಲ್ಲಿ ಸೋಮವಾರ ಸೇರಿ ಮೂರು ದಿನದ ಸೂಟಿ ಬರುವುದಿತ್ತು; ಪಂಚಾಂಗ ತೆಗೆದು ನೋಡಿದರೆ ಪಂಚಮಿಯೂ ಅದೇ ಸೋಮವಾರ.

"ಸ್ಕಾರ್ಬರೊಕ್ಕ ಹೋಗೂಣು. ಸಮುದ್ರದ ದಂಡಿಮ್ಯಾಲ ರಾಜರ ಕೋಟಿ ಐತಿ!" ಎಂದು ಸಾರಿದೆ.

ರೈಲಿನಲ್ಲಿ

ಗಿರಿಜಾ ಹಬ್ಬವನ್ನೇ ಗಂಟು ಕಟ್ಟಿಕೊಂಡು ಹೊರಟಿದ್ದಳು. ಶೇಂಗಾದ ಉಂಡಿ, ಎಳ್ಳಿನ ಉಂಡಿ, ಡಬ್ಬಿಯ ತಳದಲ್ಲಿ ಉಳಿದಿದ್ದ ಜೋಳದ ಹಿಟ್ಟಿನ ಕಡಕ್ ರೊಟ್ಟಿ. ಹಿಟ್ಟು ಮುಗ್ಗು ಹಿಡಿದಿತ್ತು; ನಮಗೆ ಅದೇ ಅಮೃತ. ಎಲ್ಲಕ್ಕಿಂತ ಕೆಳಗೆ, ಬಿಳಿ ಅರಿವೆಯಲ್ಲಿ ಸುತ್ತಿ, ಒಂದು ಕೊಬ್ಬರಿ ಬಟ್ಟಲು. ನಾವು ಊರು ಬಿಡುವಾಗ ಆಕೆಯ ಅವ್ವ, "ಪಂಚಮಿಗೆ ಇರಲಿ" ಎಂದು ಪೆಟ್ಟಿಗೆಯಲ್ಲಿ ಇಟ್ಟು ಕಳಿಸಿದ್ದು. ಒಂದೇ ಒಂದು. ಇಂಥ ಒಣಕೊಬ್ಬರಿಯ ಬಟ್ಟಲಲ್ಲಿ ಬೆಲ್ಲದ ಚೂರಿಟ್ಟು, ಹಾಲು ಹಾಕಿ, ಮನೆಯವರ ಒಬ್ಬೊಬ್ಬರ ಹೆಸರು ಹೇಳಿ ನಾಗಪ್ಪನಿಗೆ ಎರೆಯಬೇಕು. ಆಮೇಲೆ ಬಟ್ಟಲನ್ನೇ ಒಡೆದು ಎಲ್ಲರಿಗೂ ಹಂಚಿಬಿಟ್ಟರೆ ಹಬ್ಬ ಮುಗಿಯಿತು. ಶೈಲಾಳಿಗೆ ಎರೆಯುವುದಕ್ಕಿಂತ ಒಡೆಯುವುದರ ಮೇಲೆಯೇ ಧ್ಯಾನ. ರೈಲು ಹೊರಡುವ ಮೊದಲೇ, "ಯವ್ವಾ, ಕೊಬ್ಬರಿ ಯಾವಾಗ ಒಡೀತಿ?" ಎಂದು ಸುರು ಮಾಡಿದಳು.

ಗಿರಿಜಾ ಕೈಯಲ್ಲಿ ಒಂದು ಲಿಂಬಿಹಣ್ಣು ಹಿಡಿದಿದ್ದಳು. ಹೊಟ್ಟೆ ತೊಳಸಿದರೆ ಮೂಸಿ ನೋಡಲಿಕ್ಕೆ. ಹೊಟ್ಟೆ ತೊಳಸಿದ್ದು ನನಗೆ. ದಾರಿಯುದ್ದಕ್ಕೂ ಆ ಹಣ್ಣನ್ನು ಮೂಗಿಗೆ ಹಿಡಿದುಕೊಂಡು ಕೂತೆ. ರೈಲಿನ ಡಬ್ಬಿಯ ತುಂಬ ಜನ, ಆದರೆ ಸದ್ದೇ ಇಲ್ಲ. ನಮ್ಮ ಕಡೆ ರೈಲು ಹುಬ್ಬಳ್ಳಿ ಬಿಟ್ಟು ಮುಂದಿನ ಸ್ಟೇಶನ್ ಮುಟ್ಟುವುದರೊಳಗೆ ಎದುರಿಗಿದ್ದವರ ಕುಲ, ಪಗಾರ, ಮಗಳ ಮದುವೆ ಎಲ್ಲಾ ತಿಳಿದಿರುತ್ತದೆ. ಇವರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರೂ ಪೇಪರಿನ ಹಿಂದೆ ಅಡಗಿರುತ್ತಾರೆ. ಆ ಮೌನದಲ್ಲಿ ಶೈಲಾ ರೊಟ್ಟಿ ಮುರಿದಳು. ಕಟಂ! ಎಲ್ಲ ಪೇಪರುಗಳೂ ಒಮ್ಮೆಲೆ ಕೆಳಗಿಳಿದವು. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಗಿರಿಜಾ ಮಾತ್ರ ನಿರಾಳವಾಗಿ ಎಲ್ಲರ ಮುಂದೆ ಉಂಡಿಯ ಡಬ್ಬಿ ಹಿಡಿದಳು. ಮೂಲೆಯ ಮುದುಕನೊಬ್ಬ ಒಂದು ಉಂಡಿ ತೆಗೆದುಕೊಂಡು, ಬಹಳ ಹೊತ್ತು ನೋಡಿ, ಮರ್ಯಾದೆಯಿಂದ ಕೋಟಿನ ಕಿಸೆಯಲ್ಲಿಟ್ಟುಕೊಂಡ. ಮತ್ತೆ ಪೇಪರುಗಳು ಮೇಲೇರಿದವು.

ಮಿಸೆಸ್ ಡಾಬ್ಸನ್ ಮನೆ

ಅಲ್ಲಿ ಸಮುದ್ರದ ಊರುಗಳಲ್ಲಿ ಧರ್ಮಶಾಲೆಯ ಬದಲು ಮನೆಗಳಿರುತ್ತವೆ. ಮನೆಯ ಮಾಲಕಿಯೇ ಖೋಲಿ ಕೊಟ್ಟು, ಊಟ ಹಾಕಿ, ಶಿಸ್ತನ್ನೂ ಕಲಿಸುತ್ತಾಳೆ. ನಮ್ಮ ಮಾಲಕಿ ಮಿಸೆಸ್ ಡಾಬ್ಸನ್ ಎಂಬ ಎತ್ತರದ, ಸಣಕಲು ವಿಧವೆ. ಮರಳು ತುಳಿದ ಕಾಲಲ್ಲಿ ಒಳಗೆ ಬರಬಾರದು, ನಾಷ್ಟಾ ಆದಮೇಲೆ ಸಂಜೆಯ ತನಕ ಯಾರೂ ಮನೆಯಲ್ಲಿ ಇರಬಾರದು ಎಂದು ಬಾಗಿಲಲ್ಲೇ ಹೇಳಿದಳು. ನಾನು ಹೊಸ ಶಾಲೆಗೆ ಸೇರಿದ ಹುಡುಗನ ಹಾಗೆ ಗೋಣು ಹಾಕಿದೆ.

ನನ್ನ ಹಣೆಯ ವಿಭೂತಿ ಕಂಡು ಆಕೆ, "ಅಯ್ಯೋ ಪಾಪ, ರೈಲಿನ ಮಸಿ ಹತ್ತಿದೆ" ಎಂದು ತನ್ನ ಏಪ್ರನ್ನಿನ ತುದಿ ಉಗುಳಿನಲ್ಲಿ ಒದ್ದೆ ಮಾಡಿ ಒರೆಸಲು ಬಂದಳು. ನಾನು ಹಿಂದೆ ಸರಿದವನು ಛತ್ರಿ ಇಡುವ ಹಿತ್ತಾಳೆಯ ಕೊಡದೊಳಗೆ ಒಂದು ಕಾಲಿಟ್ಟೆ. "ಮಸಿ ಅಲ್ಲ, ದೇವರದು" ಎಂದು ಶೈಲಾ ತಾನು ಕಲಿತ ಇಂಗ್ಲಿಷಿನಲ್ಲಿ ಹೇಳಿದಳು. ಮಿಸೆಸ್ ಡಾಬ್ಸನ್ ಮೂರೂ ಮಂದಿಯ ಹಣೆಗಳನ್ನು ಒಂದೊಂದಾಗಿ ನೋಡಿ, "ಆಗಲಿ, ದೇವರದ್ದಾದರೆ ಇರಲಿ. ಕೊಡದಿಂದ ಕಾಲು ತೆಗೆಯಿರಿ" ಎಂದಳು.

ನಾವು ಮಾಂಸ, ಮೀನು, ತತ್ತಿ ತಿನ್ನುವುದಿಲ್ಲ ಎಂದಾಗ ಆಕೆಗೆ ನಮ್ಮ ಬಗ್ಗೆ ಬಹಳ ಕನಿಕರ ಬಂತು. ಅಂದಿನ ಊಟಕ್ಕೆ ಎಲ್ಲರಿಗೂ ಮೀನು. ನಮ್ಮ ತಾಟಿನಲ್ಲಿ ಮೀನಿನ ಜಾಗವನ್ನು ಖಾಲಿ ಬಿಟ್ಟು, ಅದರ ಸುತ್ತ ಬಟಾಟಿ ಇಟ್ಟು ಕೊಟ್ಟಳು. ನಾವು ಚಟ್ನಿಪುಡಿ ಹಚ್ಚಿಕೊಂಡು ಆ ಖಾಲಿ ಜಾಗ ತುಂಬಿಸಿದೆವು.

ಕೋಟೆ

ಶನಿವಾರ ಮಧ್ಯಾಹ್ನವೇ ನಾನು ಇಸ್ಪೀಟಿನವರ ಹಾಗೆ ನನ್ನ ಹುಕುಂ ಎಕ್ಕಾ ಇಳಿಸಿದೆ. ಕೋಟೆ ಗುಡ್ಡದ ಮೇಲೆ. ಏರುತ್ತ ಏರುತ್ತ ಯಾವ ರಾಜ ಕಟ್ಟಿಸಿದ, ಯಾರು ಮುತ್ತಿಗೆ ಹಾಕಿದರು ಎಂದು ಏದುಸಿರು ಬಿಡುತ್ತ ಹೇಳಿದೆ. ಮೇಲೆ ಹೋಗಿ ನೋಡಿದರೆ ಮಾಳಿಗೆ ಇಲ್ಲದ ಒಂದು ಗೋಪುರ, ಅದರಲ್ಲೂ ಒಂದು ಬದಿ ಬಿದ್ದುಹೋದದ್ದು. ಸುತ್ತ ಹುಲ್ಲು, ಹುಲ್ಲಿನ ಮೇಲೆ ಗಾಳಿ.

ಗಿರಿಜಾ ಸೆರಗು ಬಿಗಿಹಿಡಿದು ಸುತ್ತಲೂ ನೋಡಿದಳು. "ಕೋಟಿ ಎಲ್ಲೈತ್ರಿ?"

"ಇದ ಕೋಟಿ."

"ಇದಾ? ಮತ್ತ ರಾಜಾ ಎಲ್ಲಿ ಮಲಗತಿದ್ದ?"

"ಅದು ಹಳೇದು. ಬಿದ್ದೈತಿ."

"ಬಿದ್ದದ್ದ ನೋಡಾಕ ಇಷ್ಟು ದೂರ ಕರಕೊಂಡ ಬಂದ್ರ್ಯಾ? ನಮ್ಮ ಧಾರವಾಡದ ಕೋಟಿ ಬಾಗಿಲಾನ ಇದಕಿಂತ ಗಟ್ಟಿ ಐತಿ. ಕಾಯಿಪಲ್ಯಾ ತರಾಕ ಹೋದಾಗ ನೋಡಿಕೊಂಡ ಬರಬಹುದಿತ್ತು."

ಗಾಳಿಗೆ ಆಕೆಯ ಮಾತು ಹಾರಿಹೋಯಿತು ಎಂದು ನಟಿಸಿದೆ. ಆದರೆ ಏನಾದರೂ ಮಾಡಿ ಆಕೆಯ ಕಣ್ಣಲ್ಲಿ ದೊಡ್ಡವನಾಗಲೇಬೇಕಿತ್ತು. ಕಿಸೆಯಲ್ಲಿ ಲಿಂಬಿಹಣ್ಣು ಇತ್ತು.

ಪಂಚಮಿಗೆ ನಮ್ಮ ಕಡೆ ಗಂಡಸರು ಲಿಂಬಿಹಣ್ಣು ಎಸೆಯುವ, ನಮ್ಮ ಮಾತಿನಲ್ಲಿ ಒಗೆಯುವ, ಪಂಥ ಕಟ್ಟುತ್ತಾರೆ. ಒಗೆದಲ್ಲಿಗೆ ನಡೆದು ಹೋಗಿ ಮತ್ತೆ ಒಗೆಯುವುದು, ಹೀಗೇ ಇಷ್ಟು ಒಗೆತದಲ್ಲಿ ಪಕ್ಕದ ಊರು ಮುಟ್ಟಬೇಕೆಂದು. ಹುಡುಗನಾಗಿದ್ದಾಗ ನಾನು ಹುಬ್ಬಳ್ಳಿಯಿಂದ ಗಬ್ಬೂರಿನ ತನಕ ಒಗೆದವನು. ಪಂಥ ಸೋತೆ ಎಂಬುದು ಬೇರೆ ಮಾತು. "ಶೈಲಾ, ನೋಡ! ನಿಮ್ಮಪ್ಪ ಇಲ್ಲಿಂದ ಸಮುದ್ರಕ್ಕ ಒಗೀತಾನ!" ಎಂದು ಕೋಟೆಯ ಇಳಿಜಾರಿನಲ್ಲಿ ನಿಂತು, ತೋಳು ತಿರುವಿ, ಶಿವಾ ಎಂದು ಒಗೆದೆ.

ಗಾಳಿ ಎದುರಾಗಿತ್ತು. ಹಣ್ಣು ಸಮುದ್ರದ ಕಡೆ ಹೋಗುವ ನೆವ ಮಾಡಿ, ಹೊರಳಿ, ಕೆಳಗಿನ ಒಂದು ಹಸಿರು ಅಂಗಳದಲ್ಲಿ ಬಿತ್ತು. ಅಲ್ಲಿ ಬಿಳಿ ಬಟ್ಟೆ ತೊಟ್ಟ ಮುದುಕರು ಹುಲ್ಲಿನ ಮೇಲೆ ದೊಡ್ಡ ಕರೀ ಉಂಡೆಗಳನ್ನು ಉರುಳಿಸಿ ಒಂದು ಸಣ್ಣ ಬಿಳಿ ಉಂಡೆಯ ಹತ್ತಿರ ಮುಟ್ಟಿಸುವ ಆಟ ಆಡುತ್ತಿದ್ದರು. ಪೂಜೆಯಲ್ಲಿ ಇರುವಷ್ಟು ಮೌನ. ನನ್ನ ಲಿಂಬಿಹಣ್ಣು ಪುಟಿಯುತ್ತ, ಉರುಳುತ್ತ ಹೋಗಿ ಆ ಬಿಳಿ ಉಂಡೆಯ ಮಗ್ಗುಲಲ್ಲೇ ಕೂತಿತು.

ಮುದುಕರೆಲ್ಲ ಅದರ ಸುತ್ತ ನೆರೆದರು. ಯಾರೂ ಮೇಲೆ ನೋಡಲಿಲ್ಲ. ಒಬ್ಬಾತ ಮೊಣಕಾಲೂರಿ ಕೂತು, ಕಿಸೆಯಿಂದ ಟೇಪು ತೆಗೆದು ಅಳತೆ ಮಾಡಿದ. ಆಮೇಲೆ ಹಣ್ಣನ್ನು ಎತ್ತಿ, ಕರವಸ್ತ್ರದಿಂದ ಒರೆಸಿ, ಬೇಲಿಯ ಹತ್ತಿರ ಇಳಿದುಬಂದಿದ್ದ ನನ್ನ ಕೈಗೆ ಕೊಟ್ಟ. "ನಿಮ್ಮ ಹಣ್ಣು, ಸರ್. ಒಗೆತ ಬಹಳ ಚೆನ್ನಾಗಿತ್ತು, ಎಲ್ಲರಿಗಿಂತ ನೀವೇ ಸಮೀಪ. ಆದರೆ ಇನ್ನೊಮ್ಮೆ ನಿಮ್ಮ ಸರದಿ ಬರುವ ತನಕ ಕಾಯಬೇಕು."

ನಮ್ಮ ಓಣಿಯಲ್ಲಿ ಮಂದಿಯ ಅಂಗಳಕ್ಕೆ ಲಿಂಬಿಹಣ್ಣು ಬಿದ್ದಿದ್ದರೆ, ಮಾಟ ಮಾಡಿಸಿದ್ದಾರೆ ಎಂದು ಮೂರು ತಲೆಮಾರಿನ ಜಗಳ ಹೊರಗೆ ಬರುತ್ತಿತ್ತು. ನಾನು ಬೈಗುಳಕ್ಕೆ ಸಜ್ಜಾಗಿ ಹೋದವನು, ಮರ್ಯಾದೆ ಸಿಕ್ಕದ್ದಕ್ಕೆ ತಬ್ಬಿಬ್ಬಾಗಿ ನಮಸ್ಕಾರ ಮಾಡಿ ಬಂದೆ. ಮೇಲೆ ಗಿರಿಜಾ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಳು. ಭುಜ ಕುಣಿಯುತ್ತಿದ್ದವು. ಲೀಡ್ಸಿಗೆ ಬಂದಮೇಲೆ ಆಕೆ ಹಾಗೆ ನಕ್ಕದ್ದು ನಾನು ನೋಡಿರಲಿಲ್ಲ. ನನ್ನ ಮೇಲೆ ನಕ್ಕರೂ ಚಿಂತೆಯಿಲ್ಲ, ನಗಲಿ ಎನಿಸಿತು.

ಆದಿತ್ಯವಾರ

ಆದಿತ್ಯವಾರ ಮಳೆ. ಮಿಸೆಸ್ ಡಾಬ್ಸನ್ ಶಿಸ್ತಿನಂತೆ ನಮ್ಮನ್ನು ಹೊರಗೆ ಹಾಕಿದಳು. ಅಂಗಡಿಗಳೆಲ್ಲ ಬಂದ್. ದಂಡೆಯಲ್ಲಿ ಸಾಲಾಗಿ ಮೋಟಾರುಗಳು ನಿಂತಿದ್ದವು. ಒಂದೊಂದರಲ್ಲೂ ಒಂದೊಂದು ಕುಟುಂಬ ಕಿಟಕಿಯ ಕಾಜು ಮುಚ್ಚಿಕೊಂಡು, ಚಹಾ ಕುಡಿಯುತ್ತ, ಮಂಜು ಕವಿದು ಕಾಣದೇ ಹೋದ ಸಮುದ್ರವನ್ನು ನೋಡುತ್ತಿತ್ತು. ನಾವು ಒಂದು ತಗಡಿನ ಮಾಡಿನ ಕೆಳಗೆ ಕೂತೆವು. ಪಕ್ಕದಲ್ಲಿದ್ದ ಹೆಂಗಸು ಟೋಪಿಯಿಂದ ನೀರು ಹಿಂಡುತ್ತ, "ನಿನ್ನೆಗಿಂತ ಇಂದು ಹವೆ ಚೆನ್ನಾಗಿದೆ" ಎಂದಳು. ನಾನು ಹೌದೆಂದೆ.

ಗಿರಿಜಾ ಮಳೆಯ ಕಡೆ ನೋಡುತ್ತ, "ಇಷ್ಟೊತ್ತಿಗೆ ಚನ್ನಬಸಣ್ಣ ಗಾಡಿ ಹೂಡತಿದ್ದ. ಬೇವಿನ ಗಿಡಕ್ಕ ಜೋಕಾಲಿ ಕಟ್ಟತಿದ್ರು. ನಾನೂ ಅಣ್ಣನ ಹೇಣ್ತಿ ನಮ್ಮ ವೈನಿನೂ ನಿಂತ ಜೀಕತಿದ್ವಿ, ಟೊಂಗಿ ಮುಟ್ಟಾಂಗ" ಎಂದಳು. ಕಣ್ಣು ಒರೆಸಿಕೊಂಡಳು.

ಇಂಥ ಹೊತ್ತಿನಲ್ಲಿ ಒಬ್ಬ ತಿಳಿದ ಗಂಡಸು ಹೆಂಡತಿಯ ಕೈ ಹಿಡಿಯುತ್ತಾನೆ. ನಾನು ಚಂದ್ರನ ಸೆಳೆತದಿಂದ ಸಮುದ್ರದ ಭರತ ಇಳಿತ ಹೇಗಾಗುತ್ತದೆ ಎಂದು ವಿವರಿಸಿದೆ. ಆಕೆ ಕೇಳಿ ಮುಗಿಸಿ, "ನಾಳೆ ಹಾಲಿಂದು ಏನ್ ಮಾಡಿದ್ರಿ? ಕಾಸಿದ್ದ ಹಾಲ ನಡ್ಯಾಂಗಿಲ್ಲ. ಎಂಜಲಾನೂ ಆಗಿರಬಾರದು" ಎಂದಳು.

"ಅದರ ಚಿಂತಿ ನೀ ಮಾಡಬ್ಯಾಡ" ಎಂದೆ. ನನಗೆ ಆ ವಿಚಾರವೇ ಹೊಳೆದಿರಲಿಲ್ಲ.

ಸೋಮವಾರದ ಹಾಲು

ಆ ದೇಶದಲ್ಲಿ ಹಾಲಿನವನು ನಸುಕಿನಲ್ಲಿ ಬಾಟಲಿಗಳನ್ನು ಮೆಟ್ಟಿಲ ಮೇಲಿಟ್ಟು ಹೋಗುತ್ತಾನೆ. ಬಾಯಿಗೆ ಬೆಳ್ಳಿಬಣ್ಣದ ಹಾಳೆ ಮುಚ್ಚಿರುತ್ತದೆ. ಒಮ್ಮೆ ಅದು ಮಿಸೆಸ್ ಡಾಬ್ಸನ್ನಳ ಅಡಿಗೆಮನೆ ಹೊಕ್ಕರೆ ಚಹಾದ ಜಗ್ಗು, ಚಮಚ, ಎಲ್ಲರ ಕೈ. ಆದ್ದರಿಂದ ಮೆಟ್ಟಿಲ ಮೇಲೆಯೇ ಹಿಡಿಯಬೇಕು. ಆಕೆ ಎದ್ದ ಕೂಡಲೇ ಕೇಳಿ ಒಂದು ಬಾಟಲಿ ತೆಗೆದುಕೊಂಡರಾಯಿತು ಎಂದು ಬೆಳಕು ಹರಿಯುವ ಹೊತ್ತಿಗೆ ಬಾಗಿಲು ತೆರೆದೆ.

ನೋಡುತ್ತೇನೆ, ನೀಲಿ ತಲೆಯ ಒಂದು ಸಣ್ಣ ಹಕ್ಕಿ ಮೊದಲನೆಯ ಬಾಟಲಿಯ ಮೇಲೆ ಕೂತು, ಹಾಳೆ ಕುಕ್ಕಿ ಹರಿದು, ಕೆನೆ ತಿನ್ನುತ್ತಿದೆ! ಎಂಜಲು! ನನ್ನ ಕಣ್ಣ ಮುಂದೆಯೇ ಅದು ಎರಡನೆಯದಕ್ಕೆ ಹಾರಿತು. ಅದರ ಬಳಗವೂ ಬಂತು. "ಹುಶ್! ಹೋ! ಹೋ!" ಎಂದು ಹೊಲ ಕಾಯುವವರ ಹಾಗೆ ಕೈ ಬೀಸಿದೆ. ಅವು ಬೇಲಿಯ ಮೇಲೆ ಕೂತು ನನ್ನನ್ನೇ ನೋಡಿದವು. ಉಳಿದ ಕೊನೆಯ ಬಾಟಲಿಯನ್ನು ಎದೆಗವಚಿಕೊಂಡು, ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು, ಧೋತರದ ಚುಂಗು ಬೀಸುತ್ತ ಕಾವಲು ಕಾದೆ.

"ಏನು ನಡೆದಿದೆ ಇಲ್ಲಿ?"

ತಿರುಗಿದರೆ ಮಿಸೆಸ್ ಡಾಬ್ಸನ್, ಕೂದಲಿಗೆ ಸುರುಳಿ ಹಾಕಿಕೊಂಡು, ಕೈಯಲ್ಲಿ ಕಸಬರಿಗೆ. ನಾನು ಶಿಕ್ಷಣಶಾಸ್ತ್ರದ ವಿದ್ಯಾರ್ಥಿ, ಆಕೆಯ ಹಾಲು ತಬ್ಬಿಕೊಂಡು ಕೂತಿದ್ದೇನೆ. ಎದ್ದು ನಿಂತೆ, ಬಾಟಲಿ ಬಿಡಲಿಲ್ಲ. ಕೊನೆಗೆ ನಿಜ ಹೇಳಿದೆ: "ಹಾವಿಗೆ ಬೇಕಾಗಿತ್ತು."

ಆಕೆ ನಮ್ಮ ಖೋಲಿಯ ಕಿಟಕಿಯ ಕಡೆ ನೋಡಿದಳು. "ಹಾವು ತಂದಿದ್ದೀರಾ?"

"ಇಲ್ಲ, ಇಲ್ಲ. ದಂಡೆಯಲ್ಲಿ ಮಾಡುತ್ತೇವೆ, ಮರಳಿಂದ. ನಮ್ಮ ಹೆಂಗಸರ ದೊಡ್ಡ ಹಬ್ಬ. ಹೆಂಡತಿ ಮೊದಲ ಸಲ ಈ ಹಬ್ಬಕ್ಕೆ ತವರಿನಿಂದ ದೂರ ಇದ್ದಾಳೆ." ಆ ಹೊತ್ತಿನಲ್ಲಿ, ಆ ವೇಷದಲ್ಲಿ, ಹೆಂಡತಿಗೆ ಹೇಳದೆ ಇದ್ದದ್ದನ್ನೆಲ್ಲ ಪರದೇಶದ ಮುದುಕಿಗೆ ಹೇಳಿಬಿಟ್ಟೆ: ಹಬ್ಬವಾದ ಮೇಲೆ ಆಕೆ ಊರಿಗೆ ಹೋಗುತ್ತಾಳೆ, ನಾನು ಒಬ್ಬನೇ ಆಗುತ್ತೇನೆ ಎಂದು.

ಮಿಸೆಸ್ ಡಾಬ್ಸನ್ ಕಸಬರಿಗೆ ಗೋಡೆಗೆ ಆನಿಸಿದಳು. "ಒಂದು ಬಾಟಲಿ ಸಾಕೇ, ಹಾವಿಗೆ?" ಎಂದು ಮಾತ್ರ ಕೇಳಿದಳು.

ನಾಷ್ಟಾದ ಹೊತ್ತಿಗೆ ಆಕೆ ಒಂದೊಂದೇ ಮೇಜಿನ ಹತ್ತಿರ ನಿಂತು ಎಲ್ಲರಿಗೂ ಏನೋ ಒಂದೇ ಮಾತು ಕೇಳುತ್ತ ಬಂದಳು. ಎಲ್ಲರೂ ನಕ್ಕು ತಲೆಯಾಡಿಸುತ್ತಿದ್ದರು. ಹಬ್ಬದ ಉಪವಾಸವಾದ್ದರಿಂದ ಬರೇ ಕೂತಿದ್ದ ಗಿರಿಜಾ, "ಏನಂತ ಕೇಳಾಕತ್ತಾಳ್ರಿ?" ಎಂದಳು.

"ಬರೋ ವರ್ಷ ಇದ ಹಬ್ಬಕ್ಕ ಬರ್ರಿ, ಖೋಲಿ ಹಿಡದ ಇಡತೇನಿ ಅಂತ ಕರಿಯಾಕತ್ತಾಳ. ಇವರೆಲ್ಲಾ ವರ್ಷಾ ಇಲ್ಲಿಗೇ ಬರತಾರಂತ, ಇದ ಮನಿಗೆ, ಇದ ಕುರ್ಚಿಗೆ."

ಅಷ್ಟರಲ್ಲಿ ಆಕೆ ನಮ್ಮ ಮೇಜಿಗೂ ಬಂದು ಗಿರಿಜಾಳನ್ನೇ ನೋಡಿ ಕೇಳಿದಳು. ನಾನು ನಡುವೆ ಬಾಯಿ ಹಾಕಿ, ನೋಡೋಣ ಎಂದೆ.

"ನಮಗೂ ಕರದ್ಲಾ?" ಗಿರಿಜಾಳ ದನಿ ಸಣ್ಣದಾಗಿತ್ತು.

"ಹೂಂ. ಕರದ್ಲು."

ಆಕೆ ತಾನು ಕೂತ ಕುರ್ಚಿಯನ್ನು ಒಮ್ಮೆ ಸವರಿದಳು.

ದಂಡೆ

ಬಿಸಿಲು ಬಿದ್ದಿತ್ತು. ದಂಡೆಯ ತುಂಬ ಜನ. ಗಂಡಸರು ಪಾಟಲೂನು ಮೊಣಕಾಲ ತನಕ ಮಡಚಿ, ತಲೆಗೆ ಕರವಸ್ತ್ರ ಕಟ್ಟಿ ಕೂತಿದ್ದರು. ಮಕ್ಕಳು ಬಕೀಟಿನಲ್ಲಿ ಮರಳು ತುಂಬಿ ಬೋರಲು ಹಾಕಿ ಕೋಟೆ ಕಟ್ಟುತ್ತಿದ್ದವು. ಗುಡ್ಡದ ಮೇಲಿನದಕ್ಕಿಂತ ಇವೇ ಗಟ್ಟಿ ಎಂದು ಗಿರಿಜಾಳ ಅಭಿಪ್ರಾಯ.

ನಾಗಪ್ಪನಿಗೆ ಜಾಗ ಆರಿಸಿದವನು ನಾನು. ಹಸಿ ಮರಳು ಹಿಡಿದಲ್ಲಿ ನಿಲ್ಲುತ್ತದೆ ಎಂದು ಎಲ್ಲರಿಗಿಂತ ಮುಂದೆ, ನೀರಿನ ಹತ್ತಿರ ಕೂಡಿಸಿದೆ. ಬೂಟು ಕಳಚಿ ಪಕ್ಕದಲ್ಲಿಟ್ಟೆ. ಅವ್ವ ಮಗಳು ಸೇರಿ ಹೆಡೆ ಎತ್ತಿದ ನಾಗಪ್ಪನನ್ನು ಮಾಡಿದರು. ಸಿಂಪಿಯ ಕಣ್ಣು, ಹಣೆಗೆ ವಿಭೂತಿ. ಬರಬರುತ್ತ ಸುತ್ತಮುತ್ತಲ ಕೋಟೆಯವರೆಲ್ಲ ತಮ್ಮ ರಾಜ್ಯ ಬಿಟ್ಟು ನೋಡಲು ಬಂದರು. ಹಿಂದಿನಿಂದ ಮಿಸೆಸ್ ಡಾಬ್ಸನ್ನೂ ಬಂದಳು, ಏಪ್ರನ್ ಮೇಲೆ ಕೋಟು ಹಾಕಿಕೊಂಡು, ತಲೆಗೆ ಹ್ಯಾಟು. "ಐದು ನಿಮಿಷ ಮಾತ್ರ" ಎಂದಳು.

ಗಿರಿಜಾ ಕೊಬ್ಬರಿ ಬಟ್ಟಲಲ್ಲಿ ಬೆಲ್ಲವಿಟ್ಟು ಹಾಲು ಹಾಕಿ, ಬೆರಳಿನಿಂದ ಒಂದೊಂದೇ ಹನಿ ಎರೆಯತೊಡಗಿದಳು. "ದೇವರ ಪಾಲ. ಗುರುವಿನ ಪಾಲ. ಅಪ್ಪನ ಪಾಲ, ಅವ್ವನ ಪಾಲ. ಚನ್ನಬಸಣ್ಣನ ಪಾಲ. ಎತ್ತಿನ ಪಾಲ, ಆಕಳ ಪಾಲ..." ಹೆಬ್ಬಳ್ಳಿಯ ಮನೆಯೆಲ್ಲ ಮುಗಿಸಿ, "ಶೈಲಾನ ಪಾಲ. ನಮ್ಮ ಮನಿಯವರ ಪಾಲ" ಎಂದಳು. ನನ್ನ ಪಾಲಿಗೆ ಸ್ವಲ್ಪ ಹೆಚ್ಚೇ ಬಿತ್ತು ಎಂದು ನನಗೆ ಕಂಡಿತು.

ಶೈಲಾ ಇಂಗ್ಲಿಷಿನಲ್ಲಿ ಹೇಳುತ್ತಿದ್ದದ್ದನ್ನು ಕೇಳುತ್ತಿದ್ದ ಮಿಸೆಸ್ ಡಾಬ್ಸನ್, "ಹಾಲು ನನ್ನದಲ್ಲವೇ? ನನ್ನ ಪಾಲು ಎಲ್ಲಿ?" ಎಂದಳು.

ಗಿರಿಜಾ ಮಗಳ ಬಾಯಿಂದ ಅದು ತಿಳಿದು ಗಟ್ಟಿಯಾಗಿ ನಕ್ಕಳು. "ಅಯ್ಯ ಶಿವನ, ಖರೇ ಐತಿ! ತಗೋ, ಡಾಬ್ಸನ್ ಅಕ್ಕನ ಪಾಲ!"

ಮಿಸೆಸ್ ಡಾಬ್ಸನ್ ಬಾಗಿ ಆ ಹನಿ ಮರಳಲ್ಲಿ ಇಂಗುವುದನ್ನು ನೋಡಿದಳು. ಹ್ಯಾಟು ಸರಿಮಾಡಿಕೊಂಡು, "ಆರ್ಥರ್‌ಗೂ ಒಂದು ಹಾಕುತ್ತಾಳೇನೋ ಕೇಳು, ಮಗು. ನನ್ನ ಗಂಡ. ಹೋಗಿ ಬಹಳ ವರ್ಷವಾಯಿತು" ಎಂದಳು. ಗಿರಿಜಾ ಯಾರು, ಏನು ಎಂದು ಕೇಳದೆ ಎರೆದಳು. ಮಾಲಕಿ ಆಕೆಯ ಭುಜದ ಮೇಲೆ ಕೈಯಿಟ್ಟು, ಮೂಗು ಸೀನಿ, ಮನೆಯ ಕಡೆ ನಡೆದಳು.

ಬಟ್ಟಲಲ್ಲಿ ಉಳಿದ ಹಾಲನ್ನೂ ಎರೆದು ನಾವು ಕೈಮುಗಿಯುತ್ತಿದ್ದಂತೆಯೇ ಸಮುದ್ರ ಬಂತು. ಸದ್ದಿಲ್ಲದೆ ಬಂದು ನಾಗಪ್ಪನನ್ನು ಎತ್ತಿಕೊಂಡಿತು. ಜೊತೆಗೆ ನನ್ನ ಬೂಟುಗಳನ್ನೂ. ಒಂದನ್ನು ಬೆನ್ನಟ್ಟಿ ಹಿಡಿದೆ, ಸೊಂಟದ ತನಕ ತೊಯ್ದು. ಇನ್ನೊಂದು ತೇಲುತ್ತ ಹೋಯಿತು. ಹಿಂದೆ ನೋಡಿದರೆ ಎಲ್ಲರೂ ಯಾವಾಗಲೋ ತಮ್ಮ ಕುರ್ಚಿಗಳನ್ನು ಹಿಂದಕ್ಕೆ ಒಯ್ದು ಕೂತಿದ್ದಾರೆ. "ನೀರು ಬರುವ ಹೊತ್ತಾಯಿತಲ್ಲ ಅಂತ ನನಗೆ ಅನಿಸಿತ್ತು" ಎಂದ ಒಬ್ಬ. ನಮ್ಮ ಊರಲ್ಲಾದರೆ ಹತ್ತು ಮಂದಿ ಕೂಗಿ, ನಾಲ್ಕು ಮಂದಿ ರಟ್ಟೆ ಹಿಡಿದು ಎಳೆಯುತ್ತಿದ್ದರು. ಇಲ್ಲಿ ಪರಿಚಯವಿಲ್ಲದವನು ಮುಳುಗುವಾಗ ನಡುವೆ ಮಾತಾಡುವುದು ಸಭ್ಯತೆಯಲ್ಲ.

"ಚಂದ್ರನ ಸೆಳತ ಅಂದ್ರ ಇದ ಏನ್ರಿ?" ಎಂದಳು ಗಿರಿಜಾ.

ಜೋಕಾಲಿ

ಒಂದು ಬೂಟು ಹಾಕಿಕೊಂಡು ಕುಂಟುತ್ತ ದಂಡೆಯ ಮೇಲೆ ಬಂದೆವು. ಶೈಲಾಳ ರಾಗ ಹಿಂದೆಯೇ ಇತ್ತು: "ಯವ್ವಾ, ಕೊಬ್ಬರಿ ಒಡೀ." "ತಡಿ" ಎಂದಳು ಗಿರಿಜಾ. ಆಕೆಯ ಕಣ್ಣು ಬೇರೆಲ್ಲೋ ನೆಟ್ಟಿತ್ತು. ಅಲ್ಲಿ ದೊಡ್ಡ ಚೌಕಟ್ಟಿಗೆ ಬಣ್ಣದ ದೋಣಿಗಳನ್ನು ತೂಗುಹಾಕಿದ್ದರು. ಎರಡೂ ತುದಿಗೆ ಒಬ್ಬೊಬ್ಬರು ಕೂತು ಹಗ್ಗ ಜಗ್ಗಿದರೆ ದೋಣಿ ತೂಗುತ್ತಿತ್ತು.

"ರೀ! ಜೋಕಾಲಿ!"

ಶೈಲಾಳನ್ನು ಕೆಳಗೆ ಬೆಂಚಿನ ಮೇಲೆ ಕೂಡಿಸಿ ನಾವಿಬ್ಬರೂ ಹತ್ತಿದೆವು. ನಾನು ಒಂದು ತುದಿ, ಆಕೆ ಇನ್ನೊಂದು ತುದಿ. ಮೊದಲು ಹಿತವಾಗಿತ್ತು. ಆಮೇಲೆ ಗಿರಿಜಾ ಇಳಕಲ್ಲ ಸೀರೆಯ ಸೆರಗು ಸೊಂಟಕ್ಕೆ ಬಿಗಿದು ಎದ್ದು ನಿಂತಳು.

ಟೋಪಿ ಹಾಕಿಕೊಂಡ ಆಳು ಓಡಿಬಂದು, ಕೂಡ್ರಬೇಕು, ಕೂಡ್ರಬೇಕು ಎಂದು ಕೂಗಿದ. "ನೀ ಹಿಂದಕ ಸರಿಯೋ ಅಣ್ಣಾ!" ಎಂದು ಕನ್ನಡದಲ್ಲೇ ಹೇಳಿ ಆಕೆ ಜೀಕತೊಡಗಿದಳು. ಮೊಣಕಾಲು ಮಡಚಿ, ಮೈ ಚಾಚಿ, ಹೆಬ್ಬಳ್ಳಿಯ ಬೇವಿನ ಗಿಡದ ಟೊಂಗೆ ಮುಟ್ಟುವ ಜೀಕು. ದೋಣಿ ಆಕಾಶಕ್ಕೆ ಹೋಯಿತು. ಒಮ್ಮೆ ನನ್ನ ಕೆಳಗೆ ಸಮುದ್ರ, ಒಮ್ಮೆ ತಲೆಯ ಮೇಲೆ ಸಮುದ್ರ. "ಸಾಕ! ಸಾಕ ಮಾಡ! ಯಪ್ಪಾ, ಸತ್ತೆ!" ಎಂದು ನಾನು ಚೀರಿದೆ. ದೋಣಿಯ ತಳದಲ್ಲಿ ಕೂತು ಎರಡೂ ಕೈಯಿಂದ ಹಲಗೆ ಅಪ್ಪಿಕೊಂಡೆ. ಕಿಸೆಯಲ್ಲಿದ್ದ ಲಿಂಬಿಹಣ್ಣು ಜಿಗಿದು ಜನರ ಮೇಲೆ ಹೋಯಿತು. ಕಣ್ಣುಮುಚ್ಚಿ ಶಿವಶಿವಾ ಎನ್ನುತ್ತಿದ್ದಾಗ ಕೆಳಗೆ ಚಪ್ಪಾಳೆ ಕೇಳಿಸಿತು. ಆ ಮಾತಾಡದ ಜನ ಚಪ್ಪಾಳೆ ಹೊಡೆಯುತ್ತಿದ್ದರು, ಆಳೂ ಸಹ. ಕಣ್ಣು ತೆರೆದರೆ ಎದುರಿಗೆ ಗಿರಿಜಾ, ಕೂದಲು ಬಿಚ್ಚಿಹೋಗಿದೆ, ಮುಖ ಕೆಂಪಾಗಿದೆ, ಬಾಯಿ ತುಂಬ ನಗುತ್ತಿದ್ದಾಳೆ. ಹದಿನಾರರ ಹುಡುಗಿಯ ಹಾಗೆ ಕಂಡಳು. ಇವಳು ಹೋಗಿಬಿಡುತ್ತಾಳಲ್ಲ ಎಂದು ಅಲ್ಲಿಯೇ, ತಲೆಕೆಳಗಾಗಿ, ನನಗೆ ದುಃಖ ಒತ್ತಿಬಂತು.

ತಿರುಗಿ ರೈಲಿನಲ್ಲಿ

ರೈಲಿನಲ್ಲಿ ನಮ್ಮೆದುರಿಗೆ ಒಬ್ಬ ಮುದುಕ ಪೇಪರು ಹಿಡಿದು, ಮಗ್ಗುಲಲ್ಲಿ ಚಹಾದ ಕಪ್ಪು ಇಟ್ಟುಕೊಂಡು ಕೂತಿದ್ದ. ನಾನು ಬರಿಗಾಲನ್ನು ಬೂಟಿನ ಕಾಲಿನ ಹಿಂದೆ ಅಡಗಿಸಿಕೊಂಡಿದ್ದೆ. ಮೂರು ದಿನದಲ್ಲಿ ಕೋಟೆ ಬಿದ್ದಿತ್ತು, ಸಮುದ್ರ ಬೂಟು ನುಂಗಿತ್ತು, ನಾನು ಹಾಲುಗಳ್ಳನಾಗಿದ್ದೆ, ದೋಣಿಯಲ್ಲಿ ಮಾನ ಕಳೆದಿದ್ದೆ. ವೈಭವ ತೋರಿಸುವ ಕೆಲಸ ಪೂರ್ತಿ ಆಗಿತ್ತು. ಬೆಳಗಾಂವಿಯವರ ಹಡಗಿನ ಬಗ್ಗೆ ನಾನೇ ಕೇಳಿಬಿಡಬೇಕೆಂದು ಬಾಯಿ ತೆರೆದೆ.

"ಯವ್ವಾ, ಈಗರ ಕೊಬ್ಬರಿ ಒಡೀ!" ಎಂದಳು ಶೈಲಾ.

ಗಿರಿಜಾ ಬಟ್ಟಲನ್ನು ಹೊರಗೆ ತೆಗೆದಳು. ಸೆರಗಿನಿಂದ ಒಳಗೂ ಹೊರಗೂ ಒರೆಸಿದಳು. ಮತ್ತೆ ಅದೇ ಬಿಳಿ ಅರಿವೆಯಲ್ಲಿ ಸುತ್ತಿ, ಪೆಟ್ಟಿಗೆಯ ತಳದಲ್ಲಿ ಇಟ್ಟಳು.

"ಇದನ್ನ ಒಡದ್ರ ಬರೋ ಪಂಚಮಿಗೆ ಹಾಲ ಯಾತರಾಗ ಎರೀಲಿ?" ಎಂದಳು. "ಆ ಅಕ್ಕ ಖೋಲಿ ಹಿಡದ ಇಡತೇನಿ ಅಂದಾಳ. ಕರದ ಮ್ಯಾಲೆ ಹೋಗದಿದ್ರ ಹೆಂಗ?"

ನಾನು ಆಕೆಯ ಮುಖ ನೋಡಿದೆ.

"ಹಂಗ್ಯಾಕ ನೋಡತೀರಿ? ಜೋಕಾಲ್ಯಾಗ ಹಂಗ ಚೀರವರನ್ನ, ಹಕ್ಕಿ ಜೋಡಿ ಹಾಲಿಗೆ ಜಗಳಾಡವರನ್ನ ಒಬ್ಬರನ್ನ ಬಿಟ್ಟ ಹೋಗಾಕ ನನಗೇನು ಹುಚ್ಚ ಹಿಡದೈತೇನು?"

ಕೊಬ್ಬರಿ ಪೆಟ್ಟಿಗೆ ಸೇರಿದ್ದು ಕಂಡು ಶೈಲಾ ದೊಡ್ಡ ದನಿ ತೆಗೆದು ಅಳತೊಡಗಿದಳು. ನಾನು ನನ್ನ ಬರಿಗಾಲನ್ನೇ ನೋಡುತ್ತ ಸದ್ದಿಲ್ಲದೆ ಅತ್ತೆ. ಎದುರಿನ ಮುದುಕ ಪೇಪರು ಇಳಿಸಿ ನನ್ನ ಕಣ್ಣು ನೋಡಿದ, ಕಾಲು ನೋಡಿದ. ಬೂಟು ಕಳೆದದ್ದಕ್ಕೇ ಅಳುತ್ತಿದ್ದಾನೆ ಎಂದು ತಿಳಿದು, ಏನೂ ಮಾತಾಡದೆ ತನ್ನ ಚಹಾವನ್ನು ನನ್ನ ಕೈಗೆ ಕೊಟ್ಟ.